ಮುಳ್ಳು ನಿಲ್ಲಿಸುವ ತಿರುಪು

ದಾನೋಳಿಯ ಕುಂಥುನಾಥ ಗಡಹಿಂಗ್ಲಜದಲ್ಲಿ ಕಾಟಾ, ಅಂದರೆ ತಕ್ಕಡಿ, ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಸೇರು, ಮಣ ಹೋಗಿ ಕಿಲೋ ಬಂದ ಹೊಸತದು. ಗಡಿಯಾರದ ಮುಖದಂಥ ತಕ್ಕಡಿಗಳು ಬೆಲ್ಲದ ಪೇಟೆಗೆ ಕಾಲಿಟ್ಟಿದ್ದವು. ಪೆಂಟಿ ಎನ್ನುವ ಬೆಲ್ಲದ ದೊಡ್ಡ ಅಚ್ಚು ಇಟ್ಟರೆ ಸಾಕು, ಮುಳ್ಳು ಹುಚ್ಚೆದ್ದು ಕುಣಿಯುತ್ತಿತ್ತು. ಅದನ್ನು ಹದಕ್ಕೆ ತರುವುದೇ ಅವನ ಕಸುಬು. ತಕ್ಕಡಿಯ ಹೊಟ್ಟೆಯಲ್ಲೊಂದು ಎಣ್ಣೆಯ ಡಬ್ಬಿ, ಅದರೊಳಗೆ ಮುಳ್ಳಿಗೆ ಜೋಡಿಸಿದ ತೂತಿನ ಬಿಲ್ಲೆ. ಬಿಲ್ಲೆ ಏರಿಳಿಯಬೇಕಾದರೆ ಎಣ್ಣೆ ಆ ತೂತಿನಲ್ಲಿ ನುಸುಳಬೇಕು; ಆ ತಡೆಗೆ ಮುಳ್ಳಿನ ಕುಣಿತ ಇಳಿಯುತ್ತದೆ. ತೂತನ್ನು ಹಿಗ್ಗಿಸಿ ಕುಗ್ಗಿಸಲು ಮೇಲೊಂದು ತಿರುಪು; ಬಿಗಿದಷ್ಟೂ ಮುಳ್ಳು ನಿಧಾನ. ಕುಂಥುನಾಥ ತಿರುಪು ಹೊಂದಿಸಿದ ತಕ್ಕಡಿ ಎಂದರೆ ರೈತರು ಮರುಮಾತಾಡುತ್ತಿರಲಿಲ್ಲ.

ರೈತರ ಬೆಲ್ಲ ತೂಗಿ ಕೊಳ್ಳುವ ಅಡತಿ ವ್ಯಾಪಾರಿ ದಾದಾಸಾಹೇಬ ಅವನ ಜೀವದ ಗೆಳೆಯ. ಚಳಿಗೆ ಎಣ್ಣೆ ಗಟ್ಟಿಯಾದಾಗ ತಿರುಪನ್ನು ಎಷ್ಟು ಸಡಿಲಿಸಬೇಕೆಂದು ಅವನಿಗೆ ಕೈಹಿಡಿದು ಕಲಿಸಿದವನೂ ಕುಂಥುನಾಥನೇ. ಸಂಜೆ ಗೆಳೆಯನ ಅಂಗಡಿಯಲ್ಲಿ ಹರಟೆಗೆ ಕೂತರೆ ದಾದಾಸಾಹೇಬ ತಪ್ಪದೆ ಎಬ್ಬಿಸುತ್ತಿದ್ದ.

“ಏಳಪಾ, ಹೊತ್ತ ಮುಳಗತೈತಿ. ಕತ್ತಲಾದ್ರ ನೀವು ಜೈನರು ಉಣ್ಣಂಗಿಲ್ಲ.”

ಹೆತ್ತ ತಾಯಿಗೂ ಇಷ್ಟು ಕಾಳಜಿ ಇರಲಿಕ್ಕಿಲ್ಲ ಎಂದು ಕುಂಥುನಾಥ ಹೆಂಡತಿ ಚಂಪಾಬಾಯಿಯ ಮುಂದೆ ಹೇಳಿಕೊಂಡು ಹಿಗ್ಗುತ್ತಿದ್ದ. ಪಾಪ, ಎಂಥ ಭೋಳೆ ಮನುಷ್ಯ!

ಒಂದು ಚತುರ್ದಶಿ ಕುಂಥುನಾಥನಿಗೆ ಉಪವಾಸ. ಗೆಳೆಯ ಎಬ್ಬಿಸಿದಾಗ ರೂಢಿಯಂತೆ ಎದ್ದುಹೋದ. ಉಣ್ಣದವನಿಗೆ ಮನೆಯಲ್ಲೇನು ಕೆಲಸ ಎಂದು ದಾರಿಯಲ್ಲಿ ಹೊಳೆದು ತಿರುಗಿ ಬಂದ. ಬಾಗಿಲಲ್ಲೇ ನಿಂತುಬಿಟ್ಟ. ದಾದಾಸಾಹೇಬ ಬಗ್ಗಿ ತಿರುಪನ್ನು ಬಿಗಿಮಾಡುತ್ತಿದ್ದ. ಬೆಲ್ಲ ಮಾರಲು ಬಂದಿದ್ದ ನೇಸರಿ ಊರಿನ ಚನ್ನವ್ವನ ಪೆಂಟಿಯನ್ನು ಹಮಾಲ ತಕ್ಕಡಿಗೆ ಏರಿಸಿದ. ಮುಳ್ಳು ಕುಂಟುತ್ತ ಮೇಲೇರತೊಡಗಿತು. ಅದು ನೆಲೆ ಮುಟ್ಟುವ ಮೊದಲೇ ದಾದಾಸಾಹೇಬ ತೂಕ ಕೂಗಿದ, ಹಮಾಲ ಪೆಂಟಿ ಇಳಿಸಲು ಕೈಹಾಕಿದ.

“ತಡೀರಿ!” ಕುಂಥುನಾಥ ಓಡಿಬಂದು ಹಮಾಲನ ಕೈ ಹಿಡಿದ.

ಎಲ್ಲರೂ ನೋಡುತ್ತಿದ್ದಂತೆ ಮುಳ್ಳು ಮೆಲ್ಲಗೆ ಇನ್ನೆರಡು ಕಿಲೋ ಏರಿ ನಿಂತಿತು. ಕುಂಥುನಾಥನಿಗೆ ಈಗ ತಿಳಿಯಿತು. ಗೆಳೆಯ ತನ್ನನ್ನು ದಿನಾ ಊಟಕ್ಕೆ ಅಟ್ಟುತ್ತಿದ್ದದ್ದು ಇದಕ್ಕೇ. ಆ ಕಾಳಜಿಯೂ ಸುಳ್ಳು, ಆ ಗೆಳೆತನವೂ ಸುಳ್ಳು.

“ದಾದಾ, ಇದನ್ನ ಮಾಡಾಕೇನು ನಾ ನಿನಗ ಕಲಿಸಿದ್ದು?”

“ವ್ಯಾಪಾರದಾಗ ಇದೆಲ್ಲಾ ಇರೂದ ಬಿಡೋ,” ಎಂದ ದಾದಾಸಾಹೇಬ, ಅವನ ಮುಖ ನೋಡದೆ.

ಚನ್ನವ್ವ ದಾದಾಸಾಹೇಬನನ್ನು ಬೈಯಲೇ ಇಲ್ಲ. ವ್ಯಾಪಾರಿಯಿಂದ ಅವಳು ಹೆಚ್ಚಿನದೇನನ್ನೂ ನಿರೀಕ್ಷಿಸಿರಲಿಲ್ಲ. ಸೆರಗು ಸರಿಮಾಡಿಕೊಂಡು ಕುಂಥುನಾಥನ ಕಡೆ ತಿರುಗಿದಳು.

“ಅಣ್ಣಾ, ನೀ ಕೈ ಹಚ್ಚಿದ ಕಾಟಾ ಅಂತ ನಾವು ಈ ಅಂಗಡಿಗೇ ಬರತಿದ್ವಿ. ಇದರಾಗ ನಿನ್ನ ಪಾಲ ಎಷ್ಟೋ?”