ಎರಡನೆಯವರು ಮಾಡಬೇಕಾದ ವ್ಯಾಯಾಮ

ಕಳೆದ ನವೆಂಬರ್‌ನ ಮೂರನೇ ಮಂಗಳವಾರ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಬಲ ಸೊಂಟದ ಕೀಲಿಗೆ ಆರ್ತ್ರೋಸ್ಕೋಪಿ ನಡೆಯಿತು. ಸಣ್ಣ ತೂತುಗಳ ಮೂಲಕ ಉಪಕರಣ ಇಳಿಸಿ, ಕೀಲಿನ ಅಂಚಿನಲ್ಲಿ ಹರಿದಿದ್ದ ಮೃದ್ವಸ್ಥಿಯನ್ನು ಹೊಲಿದರು. ನಾಲ್ಕನೇ ದಿನ ಟ್ಯಾಕ್ಸಿಯಲ್ಲಿ ಕೊಪ್ಪಕ್ಕೆ ಬಂದೆ. ಬೀಗ ನಾನೇ ತೆಗೆದೆ.

ಶೃಂಗೇರಿ, ನರಸಿಂಹರಾಜಪುರ ಸುತ್ತಿ ಸುದ್ದಿ ಬರೆಯುವುದು ನನ್ನ ಕೆಲಸ. ಸ್ಕೂಟರ್ ಇಲ್ಲದೆ ಅದು ಸಾಗದು.

ಕೊಪ್ಪದ ಫಿಸಿಯೋಥೆರಪಿಸ್ಟ್ ವಯಸ್ಸಿನಲ್ಲಿ ನನಗಿಂತ ತುಂಬಾ ಚಿಕ್ಕವಳು. ಮೊದಲ ದಿನವೇ ಒಂದು ಹಾಳೆ ಕೊಟ್ಟಳು. ಅದರಲ್ಲಿ ಒಂದು ವ್ಯಾಯಾಮ ಎರಡನೆಯವರದು: ನಾನು ಮಲಗಿರಬೇಕು, ಇನ್ನೊಬ್ಬರು ಮೊಣಕಾಲು, ಹಿಮ್ಮಡಿ ಹಿಡಿದು ಕಾಲನ್ನು ಸಣ್ಣ ವೃತ್ತದಲ್ಲಿ ತಿರುಗಿಸಬೇಕು. ದಿನಕ್ಕೆರಡು ಸಲ.

"ಇದು ನೀವೇ ಮಾಡ್ಕೊಳ್ಳೋ ಹಾಗಿಲ್ಲ ಮೇಡಂ. ಮಾಡದಿದ್ರೆ ಒಳಗೆ ಅಂಟಿಕೊಳ್ಳುತ್ತೆ, ಮತ್ತೆ ಆಪರೇಷನ್ ಬೇಕಾಗಬಹುದು. ಮನೇಲಿ ಯಾರಿದ್ದಾರೆ?"

"ತಂಗಿ," ಎಂದೆ. ನನಗೆ ತಂಗಿಯಿಲ್ಲ.

ಉಳಿದ ವ್ಯಾಯಾಮಗಳನ್ನು ತಪ್ಪದೆ ಮಾಡಿದೆ. ಎಣಿಕೆಯನ್ನು ಗಟ್ಟಿಯಾಗಿ ಹೇಳುತ್ತಿದ್ದೆ. ಕೆಲವು ದಿನ ಆ ಮನೆಯಲ್ಲಿ ಕೇಳಿದ ಮಾತು ಅಷ್ಟೇ.

ಮೂರನೇ ವಾರ ಅವಳು ನನ್ನ ಕಾಲು ತಿರುಗಿಸುತ್ತಾ ನಡುವೆ ನಿಲ್ಲಿಸಿದಳು. "ತಂಗಿ ತಿರುಗಿಸ್ತಿದ್ದಾರಾ?"

"ಹೌದು."

"ಹಾಗಾದ್ರೆ ನಾಡಿದ್ದು ಕರ್ಕೊಂಡು ಬನ್ನಿ. ಬಿಗಿ ಜಾಸ್ತಿಯಾಗಿದೆ. ಹೇಗೆ ಹಿಡಿಯೋದು ಅಂತ ತೋರಿಸ್ತೀನಿ."

ಪಕ್ಕದ ಬಾಡಿಗೆ ಕೋಣೆಯಲ್ಲಿ ಒಬ್ಬಾಕೆ ಇದ್ದರು. ಕಮ್ಮರಡಿಯ ತೋಟಕ್ಕೆ ಕೂಲಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದರು. ಎರಡು ವರ್ಷದಲ್ಲಿ ನಾವು ಆಡಿದ್ದು ನೀರು ಬಂತಾ, ಇಲ್ಲವಾ ಎಂಬಷ್ಟು. ಅಂದು ಸಂಜೆ ಊರುಗೋಲಿನಲ್ಲಿ ಅವರ ಬಾಗಿಲಿಗೆ ಹೋಗಿ ವಿಷಯ ಹೇಳಿದೆ. ನನಗಾಗಿ ತಪ್ಪಿಹೋಗುವ ಅರ್ಧ ದಿನದ ಕೂಲಿ ಕೊಡುತ್ತೇನೆ ಎಂದೆ.

"ನಾ ನಿನ್ನ ತಂಗಿಯಾ? ಹತ್ತು ವರ್ಷ ಇಳಿಸಿದ್ಯಲ್ಲ ಮಾರಾಯ್ತಿ!" ಅವರು ನಕ್ಕರು. "ಕೂಲಿ ಎಂತಕ್ಕೆ? ಮುಯ್ಯಾಳು ಮಾಡುವ."

ಗದ್ದೆಯಲ್ಲಿ ಇವರು ಅವರಿಗೊಂದು ದಿನ ದುಡಿದರೆ, ಅವರು ಇವರಿಗೊಂದು ದಿನ ದುಡಿಯುವುದು ಮುಯ್ಯಾಳು. ನನ್ನಲ್ಲಿ ಗದ್ದೆ ಇರಲಿಲ್ಲ.

"ಗದ್ದೆ ಯಾರಿಗೆ ಬೇಕು? ನಂದು ಈ ಎಡಗೈ ಮೇಲೆ ಏಳಲ್ಲ. ಸೀರೆ ಸೆರಗು ಹಾಕ್ಕೊಳ್ಳಕ್ಕೂ ಕಷ್ಟ. ನಾ ನಿನ್ನ ಕಾಲು ತಿರುಗಿಸ್ತೆ, ನೀ ನನ್ನ ಕೈ ಎತ್ತು."

ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಹುಡುಗಿ ಅವರ ನರೆತ ಕೂದಲು ನೋಡಿದಳು. "ತಂಗಿನಾ?"

"ಹೌದು. ಸ್ವಲ್ಪ ಬೇಗ ಹುಟ್ಟಿದ ತಂಗಿ," ಎಂದರು ಆಕೆ.

ಹುಡುಗಿ ನನ್ನನ್ನು ಮಲಗಿಸಿದಳು. ಕಾಲು ಹಿಡಿಯುವುದನ್ನು ಅವರಿಗೆ ಕಲಿಸಿದಳು. ಆ ಎಡಗೈಯನ್ನೂ ಪರೀಕ್ಷಿಸಿ, ಎಷ್ಟು ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನನಗೆ ತೋರಿಸಿದಳು.

ಬೆಳಿಗ್ಗೆ ಬಸ್ಸಿಗೆ ಮೊದಲು ಒಮ್ಮೆ, ಸಂಜೆ ಒಮ್ಮೆ ಅವರು ಬರುತ್ತಿದ್ದರು. ಅಂಗೈ ಒರಟು, ಹಿಡಿತ ಹಗುರ. "ಕಾಲು ಬಿಡು ಮಾರಾಯ್ತಿ, ನಾನೆಂತ ಕದ್ಕೊಂಡು ಹೋಗ್ತೆನಾ?" ಎಂದು ಬೈಯುತ್ತಿದ್ದರು. ಕಾಲಿನ ಭಾರವನ್ನು ಅವರ ಕೈಗೆ ಪೂರ್ತಿ ಬಿಡಲು ನನಗೆ ಐದು ದಿನ ಹಿಡಿಯಿತು. ಕಾಲಿನದು ಮುಗಿದ ಮೇಲೆ ಅವರು ನೆಲದಿಂದ ಎದ್ದು ನನ್ನ ಕುರ್ಚಿಯ ಮೇಲೆ ಕೂರುತ್ತಿದ್ದರು, ನಾನು ತೋಳು ಎತ್ತುತ್ತಿದ್ದೆ. ಮೊದಲ ವಾರ ಅದು ಭುಜದ ಮಟ್ಟಕ್ಕೆ ಬರುತ್ತಿರಲಿಲ್ಲ. ಜನವರಿ ಕೊನೆಗೆ ಕಿವಿಯವರೆಗೆ ಬಂತು.

ಫೆಬ್ರವರಿಯಲ್ಲಿ ಅವರಿಗೆ ನೆಮ್ಮಾರಿನ ಎಸ್ಟೇಟಿನಲ್ಲಿ ಕೆಲಸವೂ ಇರಲು ಮನೆಯೂ ಸಿಕ್ಕಿತು. ಒಂದು ಚೀಲ, ಒಂದು ಟ್ರಂಕು, ಅಷ್ಟೇ ಸಾಮಾನು. ಹೊರಡುವ ಬೆಳಿಗ್ಗೆಯೂ ಬಂದು ಕಾಲು ತಿರುಗಿಸಿದರು. ಬಸ್ಸಿಗೆ ಹೊತ್ತಾಯಿತೆಂದು ಕೈ ಎತ್ತಿಸಿಕೊಳ್ಳದೆ ಹೋದರು.

ಮಾರ್ಚ್‌ನಲ್ಲಿ ಮಂಗಳೂರಿನ ವೈದ್ಯರು ಕೀಲು ಸಡಿಲವಾಗಿದೆ, ಇನ್ನೊಂದು ಆಪರೇಷನ್ ಬೇಡ ಎಂದರು. ಏಪ್ರಿಲ್‌ನಲ್ಲಿ ಸ್ಕೂಟರ್ ಹತ್ತಿದೆ. ಪಕ್ಕದ ಕೋಣೆಗೆ ಇನ್ನೂ ಯಾರೂ ಬಂದಿಲ್ಲ. ನಿನ್ನೆ ಸಂಜೆ ನೆಮ್ಮಾರಿನಲ್ಲಿರುವ ಅವರಿಗೆ ಮೂರು ಸಲ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಉತ್ತರ ಬಂತು.