ಮಾಸ್ಟ್ರು ಕೂಗಿದ ‘ಅಡಿ’

ಇವತ್ತು ಕಾಲೇಜಿನ ಸಂಗೀತ ನಾಟಕಕ್ಕೆ ಆಡಿಷನ್. ಯಾರೋ ವೇದಿಕೆಯ ಹಲಗೆಗೆ ಕೋಲು ಕುಟ್ಟಿದರು. ನನ್ನ ಕೈ ತಾನಾಗಿ ಬಾಯಿ ಮುಚ್ಚಿಕೊಂಡಿತು.

ಶಾಲೆಯ ದಿನಗಳಲ್ಲಿ, ಗಡಿಯೂರು ಉಪ್ಪಳದ ಹುಡುಗಿಯರ ಹಾಸ್ಟೆಲ್‌ನಲ್ಲಿ ನಮಗೆ ನಾಟಕದ ಕುಣಿತ ಕಲಿಸುತ್ತಿದ್ದ ಮಾಸ್ಟ್ರು ಬೆತ್ತವಿಲ್ಲದೆ ತಾಳ ಹಾಕಿದವರಲ್ಲ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಮೈಯೆಲ್ಲ ನೋವಿನೆಣ್ಣೆಯ ವಾಸನೆ. ತಪ್ಪಿದ ಕಾಲಿಗೆ ಬೆತ್ತ ಬೀಳುತ್ತಿತ್ತು. ‘ಸ್ಟೆಪ್’ ಅಂದರೆ ಅವರಿಗೆ ಆಗದು. ಹೆಜ್ಜೆಗೆ ‘ಅಡಿ’ ಎಂದೇ ಹೇಳಬೇಕು.

ಯುದ್ಧದ ಕುಣಿತದಲ್ಲಿ ನಾನು ರಾಜ. ಎದುರಿಗೆ ಮರದ ಕತ್ತಿ ಹಿಡಿದ ಶ್ರೀಜ, ಮನೆಯಲ್ಲಿ ಮಲಯಾಳ ಮಾತಾಡುವವಳು, ಹಾಸ್ಟೆಲ್‌ಗೆ ಹೊಸಬಳು. ನನ್ನ ಹೆಜ್ಜೆ ತಪ್ಪಿತು. ‘ಅಡಿ! ಅಡಿ!’ ಎಂದು ಮಾಸ್ಟ್ರು ಕಿರುಚಿದರು. ಅವಳ ಭಾಷೆಯಲ್ಲಿ ಅಡಿ ಅಂದರೆ ಹೊಡೆತ. ಅವಳು ಹೊಡೆದೇಬಿಟ್ಟಳು. ತುಟಿ ಸೀಳಿ ನೆಲಕ್ಕೆ ಬಿದ್ದೆ. ಬಾಯಿ ತುಂಬ ರಕ್ತ.

‘ಎಂತ ಮಾಡಿದೆ, ಪಿಶಾಚಿ!’ ಮಾಸ್ಟ್ರು ಅವಳ ಮೇಲೆ ಬೆತ್ತ ಎತ್ತಿದರು.

‘ಅಡಿ ಅಡಿ ಅಂತ ನೀವೇ ಹೇಳಿದ್ದಲ್ವಾ ಮಾಸ್ಟ್ರೇ?’ ಅವಳು ಅಳುತ್ತಾ ಕೇಳಿದಳು.

ಬೆತ್ತ ನಿಂತಿತು. ಅವಳು ಬಚಾವಾದಳು ಅಂದುಕೊಂಡೆ. ಮಾಸ್ಟ್ರು ನಾನು ಬಿದ್ದ ರೀತಿಯನ್ನೇ ನೋಡುತ್ತಿದ್ದರು.

‘ನೋಡಿ ಮಕ್ಕಳೇ, ಬೀಳುವುದಾದ್ರೆ ಹೀಗೆ ಬೀಳ್ಬೇಕು. ಏಳು ಮಾರಾಯ್ತಿ, ರಕ್ತ ಒರೆಸು. ಶ್ರೀಜ, ಇನ್ನೊಮ್ಮೆ ಹಾಗೆಯೇ ಹೊಡಿ.’

ಶ್ರೀಜ ಕತ್ತಿ ಎತ್ತಲಿಲ್ಲ. ಬೆತ್ತ ಅವಳ ಬೆನ್ನಿಗೆ ಬೀಳುತ್ತಲೇ ಇತ್ತು. ಆದರೂ ಎತ್ತಲಿಲ್ಲ.

ಇವತ್ತು ಪೆಟ್ಟು ತಿಂದು ಬೀಳುವ ನನ್ನ ಆಡಿಷನ್ ಮುಗಿದಾಗ ಸೀನಿಯರ್ ಅಕ್ಕ ಕೇಳಿದಳು, ‘ಎಷ್ಟು ನ್ಯಾಚುರಲ್ ಆಗಿ ಬೀಳ್ತಿ ಮಾರಾಯ್ತಿ! ಯಾರು ಕಲಿಸಿದ್ದು?’

ಮಾಸ್ಟ್ರ ಹೆಸರು ನಾಲಿಗೆಯವರೆಗೆ ಬಂತು. ಅದನ್ನು ನುಂಗಿ, ‘ಶ್ರೀಜ’ ಎಂದೆ.