ಬಟ್ಟಿಯಲ್ಲ, ಸಣ್ಣ ಕರುಳು

ತೊಂಬತ್ತರ ದಶಕದಲ್ಲಿ ನಾನು ಶಿಕಾರಿಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಸಣ್ಣ ಕರುಳಿನ ಪಾಠ ಬಂತೆಂದರೆ ಇಪ್ಪತ್ತು ಅಡಿ ಬಾವಿಹಗ್ಗ ತರಿಸಿ ಮಕ್ಕಳ ಕೈಯಲ್ಲಿ ಹಿಡಿಸುತ್ತಿದ್ದೆ. "ಇಷ್ಟುದ್ದದ್ದು ನಿಮ್ಮ ಹೊಟ್ಟೇಲಿ ಮಡಚ್ಕೊಂಡು ಕೂತಿದೆ. ಒಳಗೋಡೆ ತುಂಬ ಟವೆಲಿನ ಎಳೆಯಂಥ ಸಣ್ಣ ಸಣ್ಣ ಚಾಚುಗಳು. ಉಂಡ ಅನ್ನದ ಸಾರ ರಕ್ತಕ್ಕೆ ಸೇರೋದು ಅಲ್ಲೇ" ಅಂದರೆ ಹುಡುಗಿಯರು ಹೊಟ್ಟೆ ಮುಟ್ಟಿ ನೋಡ್ಕೊಂಡು ಕಿಸಕ್ಕನೆ ನಗೋರು.

ಒಂದು ದಸರಾ ರಜೆಗೆ ಗಂಡನ ಜೊತೆ ಸೊರಬದ ಕಡೆ, ಜಡೆ ಅನ್ನೋ ಊರಿನ ಅತ್ತೆಮನೆಗೆ ಹೋಗಿದ್ದೆ. ಬೆಳಿಗ್ಗೆ ತಿಂಡಿ ತಿಂದು ಏಳುವಷ್ಟರಲ್ಲಿ ಹೊಕ್ಕಳ ಸುತ್ತ ಹಿಂಡುವಂಥ ನೋವು. ಅಯ್ಯಯ್ಯೋ, ನೆಟ್ಟಗೆ ನಿಲ್ಲೋಕಾಗಲಿಲ್ಲ.

"ಬಟ್ಟಿ ಜಾರೈತೆ," ಅಂದರು ಅತ್ತೆ. ಭಾರ ಎತ್ತಿದರೆ ಹೊಕ್ಕಳ ಕೆಳಗಿನ ನಾಡಿ ಜಾಗ ಬಿಟ್ಟು ಸರಿಯುತ್ತದೆ, ಅದೇ ಬಟ್ಟಿ ಅಂತ ನಮ್ಮ ಕಡೆಯ ನಂಬಿಕೆ. ಹಿಂದಿನ ದಿನ ನಾನು ನೀರಿನ ಕೊಡ ಎತ್ತಿದ್ದೇ ಸಾಕ್ಷಿಯಾಯಿತು. ಚಾಪೆ ಮೇಲೆ ಅಂಗಾತ ಮಲಗಿಸಿ, ಹೊಕ್ಕಳ ಮೇಲೆ ಹಣತೆ ಹಚ್ಚಿಟ್ಟು, ಅದರ ಮೇಲೆ ತಂಬಿಗೆ ಬೋರಲು ಹಾಕಿದರು. ಅಲ್ಲಾಡಬೇಡ ಅಂತ ಭುಜ ಅದುಮಿ ಹಿಡಿದರು. ದೀಪ ಆರಿತು, ತಂಬಿಗೆ ಚರ್ಮ ಕಚ್ಚಿಕೊಂಡಿತು. "ನೋಡ್ರೇ, ಬಟ್ಟಿ ಸಿಕ್ತು!" ಅಂದರು ನೆರೆದ ಹೆಂಗಸರು. ಒಳಗಿನ ಬಿಸಿ ಗಾಳಿ ತಣ್ಣಗಾದರೆ ತಂಬಿಗೆ ಯಾರ ಹೊಟ್ಟೆಯನ್ನಾದರೂ ಕಚ್ಚುತ್ತೆ. ಅದನ್ನೂ ಪಾಠ ಮಾಡಿದವಳೇ ನಾನು.

ಅಷ್ಟರಲ್ಲಿ ಹಸಿರು ವಾಂತಿ ಶುರುವಾಯಿತು. ಪಿತ್ತ ಬಂದು ಸೇರೋದು ಸಣ್ಣ ಕರುಳಿನ ಮೊದಲ ತಿರುವಿನಲ್ಲಿ. ಅದು ವಾಪಸ್ ಬರ್ತಿದೆ ಅಂದರೆ ಕೆಳಗೆಲ್ಲೋ ದಾರಿ ಕಟ್ಟಿದೆ. ಬಾಗಿಲಲ್ಲಿ ನಿಂತಿದ್ದ ಗಂಡನಿಗೆ ಮೂರು ಸಲ ಹೇಳಿದೆ, "ರೀ, ಇದು ಬಟ್ಟಿಯಲ್ಲ. ಕರುಳು ತಿರುಚಿರಬೇಕು. ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ, ಸತ್ತುಹೋಗ್ತೀನಿ ನಾನು." ಪುಣ್ಯಾತ್ಮರು ತಾಯಿಯ ಮುಖ ನೋಡಿದರು. "ಅವ್ವ ಎಷ್ಟು ಜನಕ್ಕೆ ಮಾಡಿಲ್ಲ? ಸ್ವಲ್ಪ ತಡ್ಕೋ," ಅಂದರು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಎದ್ದು ಹೋಗೋಣವೆಂದರೆ ಭುಜದ ಮೇಲೆ ಅತ್ತೆಯ ಎರಡು ಕೈ.

ಮಧ್ಯಾಹ್ನ ನೋವು ತಟ್ಟನೆ ನಿಂತಿತು. ನಾಚಿಕೆಯ ಮಾತು, ಹೇಳಿಬಿಡ್ತೀನಿ: ನಾನೂ ನಂಬಿದೆ. "ಕಡಿಮೆ ಆಯ್ತು ಅತ್ತೆ," ಅಂತ ಅವರ ಕೈ ಹಿಡಿದುಕೊಂಡೆ ಕೂಡ. ಸತ್ತ ಕರುಳು ನೋಯುವುದಿಲ್ಲ ಅನ್ನೋದು ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಸಂಜೆ ಹೊಟ್ಟೆ ಹಲಗೆಯಂತೆ ಬಿಗಿದು, ಮೈ ತಣ್ಣಗಾಗಿ, ಮಾತು ತೊದಲಿದಾಗಲೇ ಬಾಡಿಗೆ ಜೀಪು ಬಂದದ್ದು. ಶಿವಮೊಗ್ಗದಲ್ಲಿ ಹೊಟ್ಟೆ ಕೊಯ್ದರು. ತಿರುಚಿಕೊಂಡು ಕಪ್ಪಾಗಿದ್ದ ಐದಡಿ ಕರುಳು ತೆಗೆದು, ಉಳಿದದ್ದನ್ನು ಕೂಡಿಸಿ ಹೊಲಿದರು. "ಬೆಳಿಗ್ಗೆಯೇ ಬಂದಿದ್ದರೆ ಬರೀ ಗಂಟು ಬಿಡಿಸಿ ಕಳಿಸ್ತಿದ್ದೆ," ಅಂದರು ಡಾಕ್ಟರು.

ಅವರು ಹೋದ ಮೇಲೆ ಗಂಡ ಮಂಚದ ಪಕ್ಕ ಕೂತು, ನನ್ನ ತಲೆ ಸವರಿ, ಕಣ್ಣೊರೆಸಿಕೊಂಡು ಕೇಳಿದರು: "ಅಲ್ವೇ, ಇಷ್ಟೆಲ್ಲ ಓದಿದೀಯ, ಮೊದಲೇ ಬಾಯಿ ಬಿಟ್ಟು ಹೇಳಬಾರದಾಗಿತ್ತಾ?"

ಮುಖ ತಿರುಗಿಸಿ ಮಲಗೋಣವೆಂದರೆ ಹೊಲಿಗೆ ಬಿಡಲಿಲ್ಲ.